ಮರಗಸಿ ಜವರಪ್ಪನೂ ಸಾವಿರ ಆನೆ ಬಲವೂ

ಬಾಳ್ಳುಪೇಟೆಯಿಂದ ಆಲೂರಿನ ಕಡೆಗೆ ಇಳಿಯುವ ಗುಡ್ಡಗಳ ನಡುವೆ ಒಂದು ಹಳೆಯ ಕಾಫಿ ಎಸ್ಟೇಟಿತ್ತು. ಅಲ್ಲಿನ ಆಳುಗಳ ಲೈನಿನಲ್ಲಿ ಕೊನೆಯಿಂದ ಎರಡನೆಯ ಮನೆ ಜವರಪ್ಪನದು. ಅವನ ಕೆಲಸ ಮರಗಸಿ, ಅಂದರೆ ಮಳೆಗಾಲ ಹಿಡಿಯುವ ಮೊದಲು ನೆರಳಿನ ಮರಗಳನ್ನು ಹತ್ತಿ, ಕೆಳಗಿನ ಕಾಫಿ ಗಿಡಗಳಿಗೆ ಬೆಳಕು ಬೀಳುವ ಹಾಗೆ ಕೊಂಬೆ ಸವರುವುದು. ಆ ಕೆಲಸಕ್ಕೆ ಎಲ್ಲರೂ ಬರುವುದಿಲ್ಲ. ಬಂದವರಲ್ಲೂ ಜವರಪ್ಪನ ಹಾಗೆ ಒಂದು ಕೈಯಲ್ಲಿ ಕೊಂಬೆ ಹಿಡಿದು ಜೋತುಬಿದ್ದು ಇನ್ನೊಂದು ಕೈಯಲ್ಲಿ ಕತ್ತಿ ಬೀಸುವವರು ಆ ಸುತ್ತಿನಲ್ಲಿ ಇರಲಿಲ್ಲ.

ಆಳು ಕುಳ್ಳಗೆ, ಕಪ್ಪಗೆ, ಕುತ್ತಿಗೆಯೇ ಇಲ್ಲದವನ ಹಾಗಿದ್ದ. ಆದರೆ ತೋಳುಗಳು ಬೇರೆ ಯಾರದೋ ಮೈಯಿಂದ ತಂದು ಅಂಟಿಸಿದಂತಿದ್ದವು. ಒಮ್ಮೆ ಸಾವ್ಕಾರ್ರ ಜೀಪಿನ ಹಿಂದಿನ ಗಾಲಿ ಚರಂಡಿಗೆ ಇಳಿದಾಗ, ಹಗ್ಗ ತರಲು ಹೋದವರು ವಾಪಸು ಬರುವುದರೊಳಗೆ ಇವನೇ ಭುಜ ಕೊಟ್ಟು ಎತ್ತಿ ರಸ್ತೆಗಿಟ್ಟಿದ್ದ. ಅಂದಿನಿಂದ ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ಕೂಡ ಅವನನ್ನು ಹೆಸರು ಹಿಡಿದು ಕೂಗುವುದನ್ನು ಬಿಟ್ಟು 'ಲೋಹಬಾಹು' ಎನ್ನತೊಡಗಿದರು.

ಆ ಹೆಸರು ಬಂದದ್ದು ಒಂದು ಚಿತ್ರಕಥೆಯ ಪುಸ್ತಕದಿಂದ. ಲೋಹಬಾಹು ತಿಂಗಳಿಗೊಮ್ಮೆ ಬೆಂಗಳೂರಿನಿಂದ ಬರುತ್ತಿದ್ದ. ನೀಲಿ ಚಡ್ಡಿ, ಕೆಂಪು ಪಟ್ಟಿ, ಉಕ್ಕಿನ ಬಣ್ಣದ ಎರಡು ತೋಳು. ಪ್ರತಿ ಪುಸ್ತಕದ ಮೊದಲ ಪುಟದಲ್ಲೂ ಒಂದೇ ಸಾಲು ಇರುತ್ತಿತ್ತು: 'ಸಾವಿರ ಆನೆಯ ಬಲವುಳ್ಳವನು'. ಬಾಳ್ಳುಪೇಟೆಯ ಬಸ್ ನಿಲ್ಲುವ ಜಾಗದ ಎದುರು ಗುರುಶಾಂತಮ್ಮ ಎಂಬಾಕೆಯ ಅಂಗಡಿಯಲ್ಲಿ ಆ ಪುಸ್ತಕ ಬಾಡಿಗೆಗೆ ಸಿಗುತ್ತಿತ್ತು. ಹಣೆಗೆ ವಿಭೂತಿ ಹಚ್ಚಿ ಬೆಳಗ್ಗೆ ಆರಕ್ಕೇ ಬಾಗಿಲು ತೆಗೆಯುತ್ತಿದ್ದ ಆಕೆ ನೋಟ್‌ಬುಕ್ಕು, ಪೆನ್ನಿನ ರೀಫಿಲ್ಲು, ಅಗರಬತ್ತಿಗಳ ಜೊತೆಗೆ ಒಂದು ಹುರಿಹಗ್ಗ ಕಟ್ಟಿ, ಬಟ್ಟೆ ಒಣಗಿಸುವ ಕ್ಲಿಪ್ಪು ಸಿಕ್ಕಿಸಿ ಪುಸ್ತಕಗಳನ್ನು ನೇತುಹಾಕುತ್ತಿದ್ದಳು. ಲಾರಿ ಕ್ಲೀನರುಗಳು, ಹೈಸ್ಕೂಲು ಹುಡುಗರು, ಒಬ್ಬ ಪೋಸ್ಟ್‌ಮ್ಯಾನು, ಭಾನುವಾರ ಸಾಮಾನು ಕೊಳ್ಳಲು ಬರುವ ತೋಟದ ಆಳುಗಳು, ಹೀಗೆ ನಾನಾ ಥರದವರು ಆ ಹುರಿಯ ಕೆಳಗೆ ಕತ್ತೆತ್ತಿ ನಿಂತಿರುತ್ತಿದ್ದರು.

ಜವರಪ್ಪ ಯಸಳೂರಿನ ಶಾಲೆಯಲ್ಲಿ ಆರನೇ ಕ್ಲಾಸಿನವರೆಗೆ ಓದಿದ್ದ. ಅವನ ಜೊತೆಗಾರ ಸೋಮಯ್ಯನಿಗೆ ಅಕ್ಷರ ಬರುತ್ತಿರಲಿಲ್ಲ. ಇಬ್ಬರದೂ ಒಂದೇ ಜೋಡಿ: ಜವರಪ್ಪ ಮೇಲೆ, ಸೋಮಯ್ಯ ಕೆಳಗೆ. ಏಣಿ ಹಿಡಿದುಕೊಳ್ಳುವುದು, ಹಗ್ಗ ಎಸೆಯುವುದು, ಬಿದ್ದ ಕೊಂಬೆ ಎಳೆದು ಒಟ್ಟುವುದು ಸೋಮಯ್ಯನ ಪಾಲು. ವಯಸ್ಸಿನಲ್ಲಿ ಐದು ವರ್ಷ ದೊಡ್ಡವನು. ಮೈಯಲ್ಲಿ ಅರ್ಧ ಆಳು, ಕೆಮ್ಮು ಬೇರೆ. ಮಧ್ಯಾಹ್ನ ಬುತ್ತಿ ಬಿಚ್ಚಿದ ಮೇಲೆ ಜವರಪ್ಪ ಪುಸ್ತಕ ಓದುತ್ತಿದ್ದ, ಸೋಮಯ್ಯ ಚಿತ್ರದ ಮೇಲೆ ಬೆರಳಿಟ್ಟು ಕೇಳುತ್ತಿದ್ದ. ಜವರಪ್ಪನ ಓದು ಬರೀ ಓದಲ್ಲ. ರಾಕ್ಷಸನಿಗೊಂದು ಗಂಟಲು, ರಾಜಕುಮಾರಿಗೊಂದು, ಲೋಹಬಾಹುವಿಗೆ ಹೊಟ್ಟೆಯಿಂದ ಬರುವ ಇನ್ನೊಂದು. ಸಂಜೆ ಸೋಮಯ್ಯ ಮನೆಗೆ ಹೋಗಿ ಅದನ್ನೇ ಹೆಂಡತಿ ಬೆಟ್ಟಮ್ಮನಿಗೆ ಒಪ್ಪಿಸುತ್ತಿದ್ದ. ಅವಳು ರೊಟ್ಟಿ ತಟ್ಟುತ್ತಾ ನಗುತ್ತಿದ್ದದ್ದು ಪಕ್ಕದ ಮನೆಯ ಜವರಪ್ಪನಿಗೂ ಅವನ ಹೆಂಡತಿ ಮಾದಮ್ಮನಿಗೂ ಗೋಡೆಯಾಚೆಯಿಂದ ಕೇಳಿಸುತ್ತಿತ್ತು.

"ನೀನು ಓದ್ದಂಗೆ ಅವ್ರೂ ಓದ್ತಾರೆ, ಆದ್ರೆ ಪುಸ್ತಕ ತಲೆಕೆಳ್ಗಾಗಿ ಹಿಡ್ಕಂಡಿರ್ತಾರೆ" ಎಂದು ಬೆಟ್ಟಮ್ಮ ಒಮ್ಮೆ ನಲ್ಲಿಯ ಹತ್ತಿರ ಜವರಪ್ಪನಿಗೆ ಹೇಳಿದ್ದಳು.

ಸೋಮಯ್ಯನಿಗೆ ಕಥೆ ಹೇಗೆ ಹೋದರೂ ಚಿಂತೆಯಿರಲಿಲ್ಲ. ಅವನಿಗೆ ಬೇಕಾದದ್ದು ಬಲ. ಲೋಹಬಾಹು ಈ ಸಲ ಏನು ಎತ್ತಿದ, ಅದು ಹೋದ ತಿಂಗಳು ಎತ್ತಿದ್ದಕ್ಕಿಂತ ಭಾರವೋ ಹಗುರವೋ, ಇಷ್ಟೇ. ಸೇತುವೆ ಎತ್ತಿದ ತಿಂಗಳು ಅವನು ಎರಡು ದಿನ ಅದರ ಮಾತೇ ಆಡಿದ. ರೈಲು ನಿಲ್ಲಿಸಿದ ತಿಂಗಳು, "ಸೇತುವೆಗಿಂತ ಇದು ಕಮ್ಮಿ ಕಣ್ಲಾ ಜವರ, ಮೋಸ ಮಾಡವ್ರೆ" ಎಂದು ಮುಖ ಊದಿಸಿಕೊಂಡ. ಜವರಪ್ಪ, ಬಲ ಅಂದರೆ ಏನೆಂದು ಮೈಯಲ್ಲಿ ಬಲ್ಲವನು, ಚಿತ್ರಗಳಲ್ಲಿ ತಪ್ಪು ಹುಡುಕುತ್ತಿದ್ದ. "ನೋಡು ಸೋಮಣ್ಣ, ಇವ್ನು ಮಂಡಿ ಬಗ್ಗಿಸ್ದೆ ಎತ್ತವ್ನೆ. ಹಂಗೆ ಎತ್ತಿದ್ರೆ ಸೊಂಟ ಅಲ್ಲೇ ಕೂತ್ಕಬುಡ್ತದೆ."

"ಅವ್ನಿಗೆ ಸಾವಿರ ಆನೆ ಬಲ ಐತೆ, ನಿಂಗೆಷ್ಟೈತೆ?" ಎನ್ನುತ್ತಿದ್ದ ಸೋಮಯ್ಯ. ಅಲ್ಲಿಗೆ ಮಾತು ಮುಗಿಯುತ್ತಿತ್ತು.

ತೊಂಬತ್ತಾರರಲ್ಲಿ ಪುಸ್ತಕದವರಿಗೆ ಏನು ತೋಚಿತೋ, ಲೋಹಬಾಹುವಿನ ಬಲ ಕಿತ್ತುಕೊಂಡರು. ಯಾವುದೋ ಮುನಿಯ ಶಾಪ. ತೋಳಿನ ಉಕ್ಕಿನ ಬಣ್ಣ ಹೋಗಿ ಎಲ್ಲರ ಹಾಗೆ ಮೈಬಣ್ಣ ಬಂತು. ಅವನು ಒಂದು ಪಟ್ಟಣದಲ್ಲಿ ಅಕ್ಕಿ ಗಿರಣಿಯಲ್ಲಿ ಮೂಟೆ ಹೊರುವ ಕೆಲಸಕ್ಕೆ ಸೇರಿದ, ಮೇಸ್ತ್ರಿಯಿಂದ ಬೈಸಿಕೊಂಡ, ಕೊನೆಯ ಪುಟದಲ್ಲಿ ಮಳೆಯಲ್ಲಿ ನೆನೆಯುತ್ತಾ ನಿಂತ. ನಿಜವಾದ ಬಲ ಮನಸ್ಸಿನಲ್ಲಿದೆ ಎಂದು ಸಂಪಾದಕರು ಕೆಳಗೆ ಬರೆದಿದ್ದರು.

ಜವರಪ್ಪ ಓದಿ ಮುಗಿಸಿದಾಗ ಸೋಮಯ್ಯ ಬುತ್ತಿಯ ಡಬ್ಬಿ ಮುಚ್ಚಿದ್ದ, ಅರ್ಧವೂ ಉಂಡಿರಲಿಲ್ಲ.

"ಇನ್ಮೇಲೆ ತರ್ಬೇಡ ಇದ್ನ" ಎಂದ.

"ಯಾಕಣ್ಣ? ಮುಂದಿನ ತಿಂಗ್ಳು ಬಲ ಬಂದ್ರೂ ಬರ್ಬೋದು."

"ಮೂಟೆ ಹೊತ್ಕಂಡು ಮೇಸ್ತ್ರಿ ಕೈಲಿ ಬೈಸ್ಕಳೋನ್ನ ನಾನ್ಯಾಕೆ ಪುಸ್ತಕದಲ್ಲಿ ನೋಡ್ಬೇಕು? ನಾನಿಲ್ವಾ?"

ಜವರಪ್ಪನಿಗೆ ನಗು ಬಂತು. ಆದರೆ ಸೋಮಯ್ಯ ನಗಲಿಲ್ಲ. ಆ ವಾರವೆಲ್ಲ ಅವನು ಮನೆಯಲ್ಲೂ ಮಾತಾಡಲಿಲ್ಲವೆಂದು ಬೆಟ್ಟಮ್ಮನಿಂದ ಕೇಳಿ ಮಾದಮ್ಮ ಹೇಳಿದಳು. ಭಾನುವಾರ ಬಾಳ್ಳುಪೇಟೆಗೆ ಹೋದಾಗ ಗುರುಶಾಂತಮ್ಮನ ಅಂಗಡಿಯಲ್ಲೂ ಅದೇ ಗೋಳು. ಹೊಸ ಪುಸ್ತಕದ ಐದೂ ಪ್ರತಿ ಹುರಿಯಲ್ಲೇ ನೇತಾಡುತ್ತಿದ್ದವು.

"ಯಾರೂ ಮುಟ್ತಾ ಇಲ್ಲ ನೋಡಪ್ಪ" ಎಂದಳು ಆಕೆ. "ಪೋಸ್ಟ್‌ಮ್ಯಾನ್ ಅಂತೂ ನಿಂತ್ಕೊಂಡೇ ಓದಿ, ಥೂ ಅಂತ ವಾಪಸ್ ಸಿಕ್ಕಿಸಿ ಹೋದ. ನಾನು ಇವ್ರೆಲ್ಲ ಕಥೆಗೆ ಬರ್ತಾರೆ ಅಂದ್ಕೊಂಡಿದ್ದೆ. ಇವ್ರು ಬರ್ತಾ ಇದ್ದಿದ್ದು ಅವ್ನ ರಟ್ಟೆಗೆ."

ಓದುಗರ ಪುಟಕ್ಕೆ ಕಾಗದ ಬರೆಯಬಹುದೆಂದು ಆಕೆಯೇ ಹೇಳಿಕೊಟ್ಟಳು, ಇನ್‌ಲ್ಯಾಂಡ್ ಲೆಟರನ್ನೂ ಆಕೆಯೇ ಕೊಟ್ಟಳು. ಅಂಗಡಿಯ ಮುಂದಿನ ಕಲ್ಲಿನ ಮೇಲೆ ಕೂತು ಸೋಮಯ್ಯ ಹೇಳಿದ, ಜವರಪ್ಪ ಬರೆದ. ಮೇಸ್ತ್ರಿಗಳು ಬೈಯುವುದನ್ನು ನಾವು ದಿನಾ ಕೇಳುತ್ತೇವೆ, ಅದಕ್ಕೆ ಪುಸ್ತಕ ಬೇಕಿಲ್ಲ, ದಯವಿಟ್ಟು ಬಲ ವಾಪಸು ಕೊಡಿ, ಸಾವಿರ ಆಗದಿದ್ದರೆ ಐನೂರಾದರೂ ಕೊಡಿ, ಇತಿ ಜವರಪ್ಪ ಮತ್ತು ಸೋಮಯ್ಯ. ಮೂರು ತಿಂಗಳ ಮೇಲೆ ಅದು ಅಚ್ಚಾಯಿತು, ಇಬ್ಬರ ಹೆಸರೂ ಸೇರಿ. ಅದೇ ಪುಸ್ತಕದಲ್ಲಿ ಲೋಹಬಾಹುವಿನ ಶಾಪ ಕಳೆದು ಹತ್ತು ಸಾವಿರ ಆನೆಯ ಬಲ ಬಂದಿತ್ತು. ಅದನ್ನು ಸೋಮಯ್ಯ ಬಾಡಿಗೆಗಲ್ಲ, ಕೊಂಡೇ ತಂದ. ಮಗಳು ಸೌಜನ್ಯಳ ಕೈಯಲ್ಲಿ ತನ್ನ ಹೆಸರು ಎಲ್ಲಿದೆ ಎಂದು ತೋರಿಸಿಕೊಂಡು ಅದರ ಕೆಳಗೆ ಪೆನ್ಸಿಲಿನಲ್ಲಿ ಗೆರೆ ಎಳೆಸಿದ. ರೈಟರಿಗೆ ತೋರಿಸಿದ. ನಮ್ಮಿಂದಲೇ ಅವನಿಗೆ ಬಲ ಬಂದದ್ದು ಎಂದು ಲೈನಿನಲ್ಲೆಲ್ಲ ಹೇಳಿಕೊಂಡು ತಿರುಗಿದ.

ಆ ಹೊತ್ತಿಗಾಗಲೇ ಆಲೂರಿನ ಕಾಡಂಚಿನಿಂದ ಆನೆಗಳು ತೋಟಗಳಿಗೆ ಇಳಿಯುವುದು ಜಾಸ್ತಿಯಾಗಿತ್ತು. ಮೊದಲೆಲ್ಲ ವರ್ಷಕ್ಕೊಮ್ಮೆ ದಾಟಿ ಹೋಗುತ್ತಿದ್ದವು, ಈಗ ಹಲಸು ಹಣ್ಣಾಗುವ ಕಾಲಕ್ಕೆ ಬಂದು ವಾರಗಟ್ಟಲೆ ನಿಲ್ಲುತ್ತಿದ್ದವು. ಆಳುಗಳು ಬೆಳಗ್ಗೆ ಕೆಲಸಕ್ಕೆ ಹೋಗುವಾಗ ತಟ್ಟೆ ಬಡಿಯುತ್ತಾ ಗುಂಪಾಗಿ ಹೋಗಬೇಕೆಂದು ರೈಟರ್ ಹೇಳಿದ್ದರು. ಮರಗಸಿಯವರು ಮಾತ್ರ ಇಬ್ಬಿಬ್ಬರೇ ಚದುರಿ ಹೋಗಬೇಕಾಗುತ್ತಿತ್ತು, ಮರಗಳು ಚದುರಿದ್ದವಲ್ಲ.

ತೊಂಬತ್ತೆಂಟರ ಮೇ ತಿಂಗಳು. ಹಿಂದಿನ ದಿನ ಜೋರು ಮಳೆ ಬಂದು, ಬೆಳಗ್ಗೆ ಎಂಟಾದರೂ ತೋಟದೊಳಗೆ ಮಂಜು ಕದಲಿರಲಿಲ್ಲ. ಜವರಪ್ಪ ಒಂದು ದೊಡ್ಡ ಬಸರಿ ಮರಕ್ಕೆ ಬಿದಿರಿನ ಏಣಿ ಒರಗಿಸಿ ಹತ್ತಿದ. ಏಣಿಯ ತುದಿಯ ಎರಡು ಮೆಟ್ಟಿಲು ಮುರಿದಿದ್ದವು. ಜವರಪ್ಪನಿಗೆ ಅದು ಲೆಕ್ಕಕ್ಕಿರಲಿಲ್ಲ, ತೋಳಿನಿಂದಲೇ ಮೈ ಎಳೆದುಕೊಂಡು ಮೊದಲ ಕವಲಿಗೆ ಹೋಗಿ ಕೂತ. ಸೊಂಟದ ಕತ್ತಿ ತೆಗೆಯಬೇಕು, ಅಷ್ಟರಲ್ಲಿ ಕೆಳಗೆ ಕಾಫಿ ಗಿಡ ಮುರಿಯುವ ಸದ್ದು ಕೇಳಿತು. ಆನೆ ಅಷ್ಟು ಹತ್ತಿರ ಬರುವವರೆಗೂ ಒಂದು ಎಲೆಯೂ ಅಲುಗಿರಲಿಲ್ಲ. ಒಂಟಿ ಸಲಗ. ಹಲಸಿನ ಮರದ ಕಡೆಯಿಂದ ಬಂದದ್ದು ಏಣಿಯಿಂದ ಇಪ್ಪತ್ತು ಹೆಜ್ಜೆ ದೂರದಲ್ಲಿ ಮಂಜಿನೊಳಗಿಂದ ಗೋಡೆಯ ಹಾಗೆ ಹೊರಬಿತ್ತು.

ಸೋಮಯ್ಯ ಓಡಲಿಲ್ಲ. ಓಡುವುದಕ್ಕೆ ಜಾಗವೂ ಇರಲಿಲ್ಲ. ಏಣಿ ಹತ್ತಿದ. ಜವರಪ್ಪ ಮೇಲಿನಿಂದ ನೋಡುತ್ತಿದ್ದ: ಮೊದಲು ನೆತ್ತಿ, ಆಮೇಲೆ ಮೇಲಕ್ಕೆತ್ತಿದ ಮುಖ, ಕೆಮ್ಮು. ಮೆಟ್ಟಿಲು ಮುರಿದ ಜಾಗಕ್ಕೆ ಬಂದು ಸೋಮಯ್ಯ ನಿಂತ. ಅಲ್ಲಿಂದ ಕವಲಿಗೆ ಒಂದು ಮೊಳ.

"ಜವರ, ಕೈ ಕೊಡೋ" ಎಂದ.

ಕೂಗಲೂ ಇಲ್ಲ. ದಿನವೂ ಹಗ್ಗ ಕೇಳುವ ಹಾಗೆಯೇ ಕೇಳಿದ. ಕೈ ಮೇಲೆ ಚಾಚಿದ್ದ.

ಜವರಪ್ಪ ಎರಡೂ ತೋಳಿನಿಂದ ಕೊಂಬೆಯನ್ನು ಅವುಚಿಕೊಂಡಿದ್ದ. ಒಂದು ತೋಳು ಬಿಡಬೇಕಿತ್ತು. ಬಲಗೈ ಬಿಚ್ಚು ಎಂದು ಅವನು ತನಗೆ ತಾನೇ ಹೇಳಿಕೊಂಡ. ಕೈ ಬಿಚ್ಚಲಿಲ್ಲ. ಕೆನ್ನೆ ತೊಗಟೆಗೆ ಒತ್ತಿಕೊಂಡಿತ್ತು, ಕಣ್ಣು ಮಾತ್ರ ತೆರೆದಿತ್ತು. ಸೋಮಯ್ಯ ಇನ್ನೊಂದು ಸಲ, "ಜವರ" ಎಂದ. ಆಮೇಲೆ ಏಣಿ ಪಕ್ಕಕ್ಕೆ ಹೋಯಿತು.

ಕೆಳಗೆ ನಡೆದದ್ದು ಬಹಳ ಹೊತ್ತಿನದಲ್ಲ. ಆನೆ ಅಲ್ಲಿಯೇ ಒಂದು ಗಂಟೆ ಸುಳಿದಾಡಿ, ಹಲಸಿನ ಮರದ ಕಡೆ ಹೋಗಿ, ಆಮೇಲೆ ಕಣಿವೆಗೆ ಇಳಿಯಿತು. ಪಟಾಕಿ ಹಚ್ಚುತ್ತಾ, ಡಬ್ಬ ಬಡಿಯುತ್ತಾ ಜನ ಬಂದಾಗ ಮಧ್ಯಾಹ್ನ ಹತ್ತಿರವಾಗಿತ್ತು. ಸೋಮಯ್ಯನ ಮೇಲೆ ಕಂಬಳಿ ಹೊದಿಸಿದರು. ಜವರಪ್ಪನನ್ನು ಇಳಿಸುವುದು ಅದಕ್ಕಿಂತ ಕಷ್ಟವಾಯಿತು. ಇಬ್ಬರು ಮೇಲೆ ಹತ್ತಿ ಅವನ ಬೆರಳುಗಳನ್ನು ಒಂದೊಂದಾಗಿ ಕೊಂಬೆಯಿಂದ ಬಿಡಿಸಬೇಕಾಯಿತು.

"ಏನಾಯ್ತೋ?" ಎಂದರು ರೈಟರ್.

"ನಾನು ಮೇಲಿದ್ದೆ. ಸೋಮಣ್ಣ ಕೆಳಗಿದ್ರು."

ಪಂಚನಾಮೆಗೆ ಬಂದವರಿಗೂ ಅದನ್ನೇ ಹೇಳಿದ. ಬೆಟ್ಟಮ್ಮನಿಗೂ ಅದನ್ನೇ ಹೇಳಿದ. ಅದರಲ್ಲಿ ಸುಳ್ಳೇನೂ ಇರಲಿಲ್ಲ. ಯಾರೂ ಅವನನ್ನು ದೂರಲಿಲ್ಲ. ನೀನೇನು ಮಾಡೋಕಾಗ್ತಿತ್ತು ಮಾರಾಯ, ಅದು ಆನೆ ಕಣೋ, ಎಂದೇ ಎಲ್ಲರೂ ಹೇಳಿದರು. ಹೇಳಿದಷ್ಟು ಸಲವೂ ಜವರಪ್ಪ ತಲೆ ತಗ್ಗಿಸಿದ. ಅವರು ಅದನ್ನು ದುಃಖವೆಂದುಕೊಂಡರು.

ಆ ವರ್ಷ ಅವನು ಮತ್ತೆ ಮರ ಹತ್ತಲಿಲ್ಲ. ಏಣಿಯ ನಾಲ್ಕನೇ ಮೆಟ್ಟಿಲಿಗೆ ಬರುವಷ್ಟರಲ್ಲಿ ಹಿಂದಿರುಗಿ ಇಳಿದುಬಿಡುತ್ತಿದ್ದ. ರೈಟರ್ ಪಾಪವೆಂದು ಅವನನ್ನು ಸ್ಟೋರಿನ ಕಡೆಗೆ, ಕಣದಲ್ಲಿ ಕಾಫಿ ಹರಡುವುದು, ಗೊಬ್ಬರದ ಮೂಟೆ ಜೋಡಿಸುವುದು ಇಂಥ ಕೆಲಸಕ್ಕೆ ಹಾಕಿದರು. ಮೂಟೆ ಎತ್ತುವಾಗ ತೋಳಿನಲ್ಲಿ ಮೊದಲಿನ ಬಲವೇ ಇತ್ತು. ಅದೇ ಅವನಿಗೆ ತಡೆಯಲಾಗದ್ದು. ಒಂದು ಮೂಟೆ ಐವತ್ತು ಕೆ.ಜಿ. ಅದನ್ನು ಒಂದೇ ಕೈಯಲ್ಲಿ ಜಗ್ಗಿ ಅಟ್ಟಿಯ ಮೇಲಕ್ಕೆ ಎಸೆಯುವಾಗಲೆಲ್ಲ ಅವನು ನಿಂತುಬಿಡುತ್ತಿದ್ದ. ಪಕ್ಕದವರು, "ಏನ್ ಲೋಹಬಾಹು, ಸುಸ್ತಾಯ್ತಾ?" ಎನ್ನುತ್ತಿದ್ದರು.

ಬೆಟ್ಟಮ್ಮ ಕೆಲಸಕ್ಕೆ ಹೋಗುವುದನ್ನು ಒಂದು ತಿಂಗಳು ಬಿಟ್ಟು ಆಮೇಲೆ ಶುರುಮಾಡಿದಳು. ಸೌಜನ್ಯಳನ್ನು ಸಕಲೇಶಪುರದ ಹಾಸ್ಟೆಲಿಗೆ ಸೇರಿಸಿದರು. ಗೋಡೆಯಾಚೆ ಈಗ ಪಾತ್ರೆಯ ಸದ್ದು ಬಿಟ್ಟರೆ ಬೇರೇನೂ ಕೇಳುತ್ತಿರಲಿಲ್ಲ. ಮಾದಮ್ಮ ದಿನವೂ ಒಂದು ಬಟ್ಟಲು ಸಾರು ಕೊಟ್ಟು ಬರುತ್ತಿದ್ದಳು. ಜವರಪ್ಪ ಆ ಬಾಗಿಲ ಮುಂದೆ ಹಾಯುವುದಿದ್ದರೆ ಲೈನಿನ ಹಿಂದಿನಿಂದ ಸುತ್ತಿ ಬರುತ್ತಿದ್ದ.

ಪುಸ್ತಕ ಓದುವುದನ್ನು ಅವನು ಬಿಟ್ಟಿದ್ದ. ಆದರೆ ಅಕ್ಟೋಬರಿನಲ್ಲಿ ಒಂದು ಭಾನುವಾರ ಗುರುಶಾಂತಮ್ಮನ ಅಂಗಡಿಯಲ್ಲಿ ಬೆಂಕಿಪೊಟ್ಟಣ ಕೊಳ್ಳುವಾಗ ಹುರಿಯಲ್ಲಿದ್ದ ಪುಸ್ತಕದ ಮೊದಲ ಪುಟ ಗಾಳಿಗೆ ಹಾರಿ ಕಣ್ಣಿಗೆ ಬಿತ್ತು. 'ಹತ್ತು ಸಾವಿರ ಆನೆಯ ಬಲವುಳ್ಳವನು.' ಅವನು ಇನ್‌ಲ್ಯಾಂಡ್ ಲೆಟರ್ ಕೇಳಿ, ಅದೇ ಕಲ್ಲಿನ ಮೇಲೆ ಕೂತು, ಯಾರೂ ಹೇಳಿಕೊಡದೆ ತಾನೇ ಬರೆದ:

'ಸಂಪಾದಕರಿಗೆ. ನೀವು ಸಾವಿರ ಆನೆ, ಹತ್ತು ಸಾವಿರ ಆನೆ ಎಂದು ಬರೆಯುತ್ತೀರಿ. ಒಂದು ಆನೆ ಎಷ್ಟು ಎಂದು ನೀವು ನೋಡಿಲ್ಲ. ನಾನು ನೋಡಿದ್ದೇನೆ. ಅದು ನಮ್ಮ ಏಣಿಯನ್ನು ಸೊಂಡಿಲಿನಿಂದ ಮುಟ್ಟಿತು ಅಷ್ಟೆ, ತಳ್ಳಲೂ ಇಲ್ಲ. ಹಿಂದೆ ನಿಮಗೆ ಕಾಗದ ಬರೆದಿದ್ದ ಇಬ್ಬರಲ್ಲಿ ಸೋಮಯ್ಯ ಎಂಬುವರು ಈಗಿಲ್ಲ. ಆದ್ದರಿಂದ ಆನೆ ಲೆಕ್ಕ ಬರೆಯುವುದನ್ನು ದಯಮಾಡಿ ನಿಲ್ಲಿಸಿ. ಬೇರೆ ಏನಾದರೂ ಲೆಕ್ಕ ಹಾಕಿ.'

ಜನವರಿಯಲ್ಲಿ ಉತ್ತರ ಬಂತು. ಕಾಗದ ಅಚ್ಚಾಗಿರಲಿಲ್ಲ. ಓದುಗರ ಪುಟದಲ್ಲಿ ಒಂದು ಚೌಕದೊಳಗೆ, ಮಲೆನಾಡಿನ ನಮ್ಮ ಓದುಗ ಜವರಪ್ಪನವರು ಆನೆಗಳ ಹಾವಳಿಯ ಬಗ್ಗೆ ಬರೆದಿದ್ದಾರೆ, ಅವರಿಗಾಗಿಯೇ ಈ ವಿಶೇಷ ಸಂಚಿಕೆ, ಎಂದಿತ್ತು. ಮುಖಪುಟದಲ್ಲಿ ಲೋಹಬಾಹು ಎರಡು ಸಲಗಗಳ ಸೊಂಡಿಲು ಹಿಡಿದು ತಲೆಯ ಮೇಲೆ ಗಿರಗಿರ ತಿರುಗಿಸುತ್ತಿದ್ದ. ಬಾಳ್ಳುಪೇಟೆಯಲ್ಲಿ ಆ ಪುಸ್ತಕ ಬಂದ ದಿನವೇ ಖಾಲಿಯಾಗಿ, ಗುರುಶಾಂತಮ್ಮ ಹಾಸನದಿಂದ ಮತ್ತೆ ತರಿಸಿದ್ದಳು. ಒಂದನ್ನು ಮಾತ್ರ ಗಲ್ಲಾಪೆಟ್ಟಿಗೆಯ ಕೆಳಗೆ ಇಟ್ಟಿದ್ದಳು.

"ನಿನ್ನ ಹೆಸರು ಹಾಕಿದ್ದಾರೆ, ಅದಕ್ಕೆ ತೆಗೆದಿಟ್ಟೆ" ಎಂದಳು. "ಆದ್ರೆ ಒಳಗೆ ಓದ್ಬೇಡ ಜವರಪ್ಪ. ನನ್ನ ಮಾತು ಕೇಳು. ಹರಿದು ಒಲೆಗೆ ಹಾಕು."

ಅವನು ಅದನ್ನು ಅಂಗಿಯೊಳಗೆ ಇಟ್ಟುಕೊಂಡು ನಡೆದ. ಹರಿಯಬೇಕೆಂದೇ ಇದ್ದ. ಲೈನಿನ ಹತ್ತಿರ ಬಂದಾಗ ಎಂದಿನಂತೆ ಹಿಂದಿನಿಂದ ಸುತ್ತಲು ಹೋದ. ಬೆಟ್ಟಮ್ಮ ಹಿಂದಿನ ಜಗಲಿಯಲ್ಲೇ ಬಿಸಿಲಿಗೆ ಕೂತು ಅವರೆಕಾಯಿ ಸುಲಿಯುತ್ತಿದ್ದಳು. ಅಂಗಿಯಿಂದ ಇಣುಕುತ್ತಿದ್ದ ಬಣ್ಣ ಅವಳಿಗೆ ಕಂಡಿತು.

"ಹೊಸ್ದಾ?" ಎಂದಳು.

ಎಂಟು ತಿಂಗಳಲ್ಲಿ ಅವಳು ಅವನೊಡನೆ ಆಡಿದ ಮೊದಲ ಮಾತು ಅದು.

"ಹೂಂ ಅತ್ತಿಗೆ."

"ಓದು. ನಿನ್ ಬಾಯಿಂದ ನಾನು ಯಾವತ್ತೂ ಕೇಳಿಲ್ಲ. ನಮ್ಮೋರು ಹೇಳೋದ್ನೇ ಕೇಳ್ತಿದ್ದೆ."

"ಇದು ಬ್ಯಾಡ ಅತ್ತಿಗೆ. ಇದ್ರಲ್ಲಿ ಆನೆ ಐತೆ."

"ಇರ್ಲಿ ಓದು."

ಜವರಪ್ಪ ಕೆಳಗಿನ ಮೆಟ್ಟಿಲಲ್ಲಿ ಕೂತ. ಮೊದಲ ಎರಡು ಪುಟವನ್ನು ಬರೀ ಅಕ್ಷರ ಕೂಡಿಸಿ ಓದಿದ. ಆಮೇಲೆ ಅಭ್ಯಾಸವೇ ಅವನನ್ನು ಎಳೆದುಕೊಂಡು ಹೋಯಿತು. ರಾಕ್ಷಸನ ಗಂಟಲು ಬಂತು, ಲೋಹಬಾಹುವಿನ ಗಂಟಲು ಬಂತು. ಅವನು ಚಿತ್ರ ತಿರುಗಿಸಿ ತೋರಿಸಿದ. ಸಲಗಗಳನ್ನು ತಿರುಗಿಸುವ ಪುಟಕ್ಕೆ ಬಂದಾಗ ಬೆಟ್ಟಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಅಳುತ್ತಿದ್ದಾಳೆಂದು ಅವನು ನಿಲ್ಲಿಸಿದ. ಅವಳು ನಗುತ್ತಿದ್ದಳು.

"ನಮ್ಮೋರು ಇದ್ದಿದ್ರೆ ಎದ್ದು ಕುಣಿಯೋರು" ಎಂದಳು. "ಎರಡು ಆನೆ! ಒಂದೊಂದು ಕೈಲಿ! ಇದ್ನೇ ಹೇಳ್ತಿದ್ರು ನಮ್ಮೋರು. ಬಲ ಅಂದ್ರೆ ಹಂಗಿರ್ಬೇಕು, ನೋಡ್ದೋರ್ಗೆ ಹೊಟ್ಟೆ ತುಂಬ್ಬೇಕು ಅಂತ." ಆಮೇಲೆ ಕಣ್ಣು ಒರೆಸಿಕೊಂಡು, "ಆಮ್ಯಾಕೆ?" ಎಂದಳು.

ಮುಂದಿನ ಪುಟದಲ್ಲಿ ಬೆಟ್ಟದ ಅಂಚಿನಿಂದ ಒಬ್ಬ ಕೂಲಿಯವನು ಜೋತಾಡುತ್ತಿದ್ದ. ಲೋಹಬಾಹು ಮೇಲಿನಿಂದ ಬಗ್ಗಿ ಕಿರುಬೆರಳು ಚಾಚಿದ್ದ. ಕೂಲಿಯವನ ಬಾಯಿಂದ ಹೊರಟ ಬಿಳಿ ಗುಳ್ಳೆಯೊಳಗೆ ಎರಡೇ ಪದ ಇದ್ದವು.

ಜವರಪ್ಪ ಅದನ್ನು ಓದಲಿಲ್ಲ. ಪುಸ್ತಕ ತೊಡೆಯ ಮೇಲೆ ಮಗುಚಿಟ್ಟ.

"ಏನಂತೆ? ಏನಂದ ಅವ್ನು?"

"ಅತ್ತಿಗೆ, ಸೋಮಣ್ಣ ಕೆಳಗಿರ್ಲಿಲ್ಲ."

ಬೆಟ್ಟಮ್ಮನ ಕೈಯಲ್ಲಿ ಒಂದು ಅವರೆಕಾಯಿ ಅರ್ಧ ಬಿಚ್ಚಿತ್ತು.

"ಏಣಿ ಹತ್ತಿದ್ರು. ಮೇಲ್ಗಂಟ ಬಂದಿದ್ರು. ಕೈ ಕೊಡೋ ಜವರ ಅಂದ್ರು. ನಾನು ಕೊಡ್ಲಿಲ್ಲ."

ಅವಳು ಅದನ್ನು ಹಾಗೇ ಮೊರಕ್ಕೆ ಹಾಕಿದಳು. ಲೈನಿನ ಆ ತುದಿಯಲ್ಲಿ ಯಾರದೋ ರೇಡಿಯೋ ಹಾಡುತ್ತಿತ್ತು.

"ಎಷ್ಟು ದೂರ ಇತ್ತು?" ಎಂದಳು.

"ಒಂದು ಮೊಳ."

"ಒಂದ್ ಮೊಳ." ಅವಳು ತನ್ನ ಮೊಣಕೈಯಿಂದ ಬೆರಳ ತುದಿಯವರೆಗೆ ನೋಡಿಕೊಂಡಳು. "ಸಾಯೋ ಮುಂಚೆ ಆಸ್ಪತ್ರೇಲಿ ತೂಗಿದ್ರು ನಮ್ಮೋರ್ನ, ಕೆಮ್ಮಿಗೆ ಅಂತ ಹೋದಾಗ. ನಲ್ವತ್ತೆಂಟು ಕೇಜಿ."

ಜವರಪ್ಪ ತೊಡೆಯ ಮೇಲಿನ ಪುಸ್ತಕವನ್ನು ಮುಚ್ಚಿ ಮೆಟ್ಟಿಲ ಮೇಲಿಟ್ಟ.

"ಯಾಕ್ ಕೊಡ್ಲಿಲ್ಲ?"

"ಗೊತ್ತಿಲ್ಲ ಅತ್ತಿಗೆ. ಕೈ ಬಿಚ್ಚಲೇ ಇಲ್ಲ. ನಂಗೆ ಬಿಚ್ಚಕ್ಕೇ ಆಗ್ಲಿಲ್ಲ."

ಅವಳು ಅವನ ತೋಳುಗಳನ್ನು ನೋಡಿದಳು. ಮುಖ ನೋಡಲಿಲ್ಲ. ಅವರೆಕಾಯಿಯ ಮೊರ ಎತ್ತಿಕೊಂಡು ಎದ್ದು, ಬಾಗಿಲ ಹತ್ತಿರ ನಿಂತಳು. "ಹೇಳ್ದೆ ಇದ್ದಿದ್ರೆ ಆಗ್ತಿತ್ತು ನೀನು" ಎಂದಳು. "ಆನೆ ಸಾಯಿಸ್ತು ಅಂತ ಇದ್ದೆ ನಾನು. ಆನೆ ಮ್ಯಾಲೆ ಏನ್ ಸಿಟ್ಟು ಮಾಡ್ಕಳದು, ಅದು ಆನೆ. ಈಗ ದಿನಾ ಗೋಡೆ ಆಚೆ ನಿನ್ ಸದ್ದು ಕೇಳ್ಬೇಕು." ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ಆ ಸಂಜೆ, ಮರುದಿನ, ವಾರವೆಲ್ಲ ಜವರಪ್ಪ ಕಾದ. ಈಗ ಅವಳು ಎಲ್ಲರಿಗೂ ಹೇಳುತ್ತಾಳೆ, ಲೈನಿನ ಜನ ಬಾಗಿಲಿಗೆ ಬರುತ್ತಾರೆ, ಉಗಿಯುತ್ತಾರೆ, ಹೊಡೆದರೂ ಹೊಡೆದಾರು ಎಂದು ಕಾದ. ಬಂದರೆ ಬರಲಿ ಎಂಬಂಥ ಆಸೆಯೂ ಅದರಲ್ಲಿತ್ತು. ಯಾರೂ ಬರಲಿಲ್ಲ. ಬೆಟ್ಟಮ್ಮ ಯಾರಿಗೂ ಹೇಳಿರಲಿಲ್ಲ. ಮಾದಮ್ಮನಿಗೂ ಹೇಳಿರಲಿಲ್ಲ. ಆದರೆ ಸಾರಿನ ಬಟ್ಟಲನ್ನು ಮಾತ್ರ, "ನಂಗೆ ಸೇರಲ್ಲ ಕಣಕ್ಕ" ಎಂದು ವಾಪಸು ಕಳಿಸತೊಡಗಿದಳು. ಯಾಕೆಂದು ಮಾದಮ್ಮ ಗಂಡನನ್ನು ಕೇಳಿದಳು. ಅವನು ಹೆಂಡತಿಗೂ ಹೇಳಿದ. ಕೇಳಿದ ಮೇಲೆ ಅವಳು ಅಂದಿನ ಅಡಿಗೆ ಮಾಡಲಿಲ್ಲ. ಮರುದಿನ ಮಾಡಿದಳು, ಬಡಿಸಿದಳು, ಸಂಸಾರ ಮುಂದುವರಿಯಿತು.

ಅದಾದ ಮೇಲೆ ಏಳು ವರ್ಷ ಅವರು ಒಂದೇ ಗೋಡೆಯ ಎರಡು ಬದಿಯಲ್ಲಿ ಬದುಕಿದರು. ಕೊಯ್ಲಿನ ಕಾಲದಲ್ಲಿ ಸಂಜೆ ಹಣ್ಣು ತೂಗುವಾಗ ಜವರಪ್ಪನೇ ತಕ್ಕಡಿಯ ಹತ್ತಿರ ನಿಂತು ಎಲ್ಲರ ಚೀಲ ಎತ್ತಿ ಕೊಕ್ಕೆಗೆ ಹಾಕುತ್ತಿದ್ದ. ಬೆಟ್ಟಮ್ಮ ತನ್ನ ಸರದಿ ಬಂದಾಗ ಚೀಲವನ್ನು ತಾನೇ ತಬ್ಬಿ ಎತ್ತಿ, ಕಾಲು ನಡುಗುತ್ತಿದ್ದರೂ ಕೊಕ್ಕೆಗೆ ಸಿಕ್ಕಿಸುತ್ತಿದ್ದಳು. ಅವನು ಕೈ ಮುಂದೆ ಮಾಡಿದ್ದು ಮೊದಲ ದಿನ ಮಾತ್ರ. ರೈಟರ್ ಅದನ್ನು ನೋಡಿ, "ಲೋಹಬಾಹು ಇರುವಾಗ ನೀನ್ಯಾಕಮ್ಮ ಕಷ್ಟಪಡ್ತೀಯ" ಎಂದಿದ್ದರು. ಅವಳು ಕಿವಿ ಕೇಳದವಳ ಹಾಗೆ ಚೀಟಿ ಇಸಿದುಕೊಂಡು ನಡೆದಿದ್ದಳು.

ಲೋಹಬಾಹುವಿನ ಪುಸ್ತಕ ಎರಡು ಸಾವಿರದ ಎರಡನೆಯ ಇಸವಿಯ ಹೊತ್ತಿಗೆ ನಿಂತುಹೋಯಿತು. ಕೊನೆಕೊನೆಗೆ ಅವನ ಬಲ ಲಕ್ಷ ಆನೆಗೆ ಏರಿತ್ತಂತೆ. ಎತ್ತುವುದಕ್ಕೆ ಭೂಮಿಯ ಮೇಲೆ ಏನೂ ಉಳಿಯದೆ ಚಂದ್ರನನ್ನು ಎತ್ತಿದನಂತೆ. ಅಷ್ಟಾದರೂ ಹುರಿಯ ಕೆಳಗೆ ನಿಲ್ಲುವವರು ಕಮ್ಮಿಯಾದರು, ಟೀವಿ ಎಲ್ಲರ ಮನೆಗೂ ಬಂದಿತ್ತು. ಗುರುಶಾಂತಮ್ಮ ಉಳಿದ ಪುಸ್ತಕಗಳನ್ನು ರದ್ದಿಗೆ ಹಾಕಿ ಆ ಜಾಗದಲ್ಲಿ ಮೊಬೈಲ್ ಕರೆನ್ಸಿಯ ಬೋರ್ಡು ತಗುಲಿಸಿದಳು.

ಎರಡು ಸಾವಿರದ ಆರರಲ್ಲಿ ಸೌಜನ್ಯಳ ಮದುವೆ ಗೊತ್ತಾಯಿತು. ಹುಡುಗನಿಗೆ ಆನೇಮಹಲ್‌ನಲ್ಲಿ ಪಂಕ್ಚರ್ ಅಂಗಡಿ. ಒಂದು ಮಧ್ಯಾಹ್ನ ಹುಡುಗಿಯೇ ಪಕ್ಕದ ಮನೆಗೆ ಕಾರ್ಡು ತಂದಳು, ಅರಿಸಿನ ಹಚ್ಚಿದ್ದು. ಮಾದಮ್ಮನ ಕೈಗೆ ಕೊಟ್ಟು ನಮಸ್ಕಾರ ಮಾಡಿದಳು. ಆಮೇಲೆ ಜವರಪ್ಪನ ಕಡೆ ತಿರುಗಿ, ನೆಲ ನೋಡುತ್ತಾ ನಿಂತಳು.

"ಚಿಕ್ಕಪ್ಪ, ಅವ್ವ ಒಂದ್ ಮಾತು ಹೇಳು ಅಂದ್ಲು. ಕಾರ್ಡ್ ಕೊಡು, ಆದ್ರೆ ನಿಮ್ಮೊಬ್ರನ್ನ ಬರ್ಬೇಡಿ ಅನ್ನು ಅಂತ." ಅವಳ ಕಣ್ಣು ತುಂಬಿತ್ತು. "ಯಾಕೆ ಅಂತ ಕೇಳ್ದೆ. ಹೇಳ್ತಿಲ್ಲ. ನೀವಾದ್ರೂ ಹೇಳಿ."

ಜವರಪ್ಪ ಕಾರ್ಡು ತೆಗೆದುಕೊಂಡು ಹೆಸರುಗಳನ್ನು ಓದಿದ. ದಿವಂಗತ ಸೋಮಯ್ಯನವರ ಏಕೈಕ ಪುತ್ರಿ ಎಂದಿತ್ತು.

"ನಿಮ್ಮವ್ವ ಹೇಳಿದ್ದು ಸರಿಯಾಗೈತೆ ಕಣವ್ವ" ಎಂದ. "ನೀನು ಚೆನ್ನಾಗಿರು."

ಮದುವೆಯ ದಿನ ಲೈನೆಲ್ಲ ಖಾಲಿಯಾಯಿತು. ಸಾವ್ಕಾರ್ರು ಕೊಟ್ಟ ಟ್ರಾಕ್ಟರಿನಲ್ಲಿ ಎಲ್ಲರೂ ಹತ್ತಿ ಹೋದರು, ಮಾದಮ್ಮನೂ ಹೋದಳು. ಜವರಪ್ಪ ಮನೆಯ ಹಿಂದೆ ಸೌದೆ ಒಡೆಯುತ್ತಾ ಕೂತ. ಒಂದು ತಿಂಗಳಿಗೆ ಬೇಕಾಗುವಷ್ಟು ಒಡೆದ ಮೇಲೂ ನಿಲ್ಲಿಸಲಿಲ್ಲ. ಬಿಸಿಲು ಇಳಿಯುವ ಹೊತ್ತಿಗೆ ಟ್ರಾಕ್ಟರಿನ ಸದ್ದು ಕೇಳಿತು. ಮಾದಮ್ಮ ಬಂದು ಹೊಸ ಸೀರೆ ಬದಲಿಸಿ, ಊಟ ಚೆನ್ನಾಗಿತ್ತೆಂದೂ, ಹುಡುಗ ಸಾಧುವೆಂದೂ, ಧಾರೆ ಎರೆಯುವಾಗ ಬೆಟ್ಟಮ್ಮ ಅಳಲೇ ಇಲ್ಲವೆಂದೂ ಹೇಳಿದಳು. ತಂದೆಯ ಜಾಗದಲ್ಲಿ ನಿಲ್ಲಲು ಯಾರೂ ಇಲ್ಲದೆ ರೈಟರೇ ನಿಂತರಂತೆ.

"ಅತ್ತಿಗೆ ನನ್ ವಿಷ್ಯ ಏನಾರ ಕೇಳಿದ್ರಾ?" ಎಂದ ಜವರಪ್ಪ.

"ಇಲ್ಲ" ಎಂದಳು ಮಾದಮ್ಮ. "ಬಾ, ಕೈ ತೊಳ್ಕ. ಉಣ್ಣು."

ಅವನು ಕೈ ತೊಳೆದುಕೊಂಡು ಒಳಗೆ ಹೋಗಿ ಕೂತ. ಪಕ್ಕದ ಮನೆಯಲ್ಲಿ ಬೆಟ್ಟಮ್ಮ ಒಬ್ಬಳೇ ಬೀಗ ತೆಗೆಯುತ್ತಿದ್ದಳು.